ಬಂಡಿಗಲ್ಲು ಗುಡ್ಡದ ಸೈಕಲ್ ದಾರಿ

ಅರಣ್ಯ ಇಲಾಖೆಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಒಮ್ಮೊಮ್ಮೆ ಮದ್ದೂರಿನ ನಮ್ಮ ಮನೆಗೆ ಬರುತ್ತಾರೆ. ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಎಲ್ಲರೂ ಕೇಳುವುದು ಒಂದೇ: ‘ಸಾರ್, ಆನೆ ಎದುರಿಗೆ ಬಂದಿತ್ತಾ? ಚಿರತೆ ಮೇಲೆ ಬಿದ್ದಿತ್ತಾ?’ ಆನೆ ಬಂದಿತ್ತು, ಚಿರತೆ ಬಿದ್ದಿರಲಿಲ್ಲ. ಅದನ್ನೆಲ್ಲ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನನ್ನನ್ನು ಕೇಳಿದರೆ ನಾನು ಹೇಳುವುದು ಸೈಕಲ್ಲಿನ ಕಥೆ. ಗಾರ್ಡಾಗಿ ಸೇರಿ ಫಾರೆಸ್ಟರಾಗಿ ನಿವೃತ್ತನಾಗುವ ತನಕ ನಾನು ಕಲಿತದ್ದರಲ್ಲಿ ಮುಕ್ಕಾಲು ಪಾಲು ಸರ್ವೀಸಿನ ಕೊನೆಯಲ್ಲಿ, ಸೈಕಲ್ಲಿನವರ ಹಿಂದೆ ಅಲೆದು ಕಲಿತದ್ದು. ಅದೂ ಮುಳ್ಳಿನ ಪೊದೆಯಲ್ಲಿ ಬಿದ್ದು.

ನಾನು ಹೆಚ್ಚು ಕಾಲ ಕೆಲಸ ಮಾಡಿದ್ದು ಬಂಡಿಗಲ್ಲು ಗುಡ್ಡದಲ್ಲಿ. ಮಳವಳ್ಳಿ ರಸ್ತೆ ಬಿಟ್ಟು ಒಳಕ್ಕೆ ಹೋದರೆ ಕಬ್ಬಿನ ಗದ್ದೆ ಮುಗಿದು, ರಾಗಿ ಹೊಲ ಮುಗಿದು, ಆಮೇಲೆ ಶುರುವಾಗುವ ಕುರುಚಲು ಕಾಡು ಅದು. ದೊಡ್ಡ ಮರ ಕಡಿಮೆ. ಕಗ್ಗಲಿ, ದಿಂಡಿಗ, ಕಕ್ಕೆ, ಕಾರೆ, ಅಲ್ಲಲ್ಲಿ ಕಳ್ಳರ ಕಣ್ಣು ತಪ್ಪಿಸಿಕೊಂಡು ಬದುಕಿರುವ ಗಂಧ. ಒಂದು ಕಾಲಕ್ಕೆ ಮಳವಳ್ಳಿ ಸಂತೆಗೆ ಆ ಕಡೆಯ ಎತ್ತಿನ ಗಾಡಿಗಳೆಲ್ಲ ಗುಡ್ಡ ಹತ್ತಿಯೇ ಹೋಗುತ್ತಿದ್ದವಂತೆ. ಓಡಾಡಿ ಓಡಾಡಿ ಬಂಡೆಯ ಮೇಲೆ ಗಾಲಿಯ ಜಾಡು ಕೊರೆದುಹೋಗಿದೆ. ಅದಕ್ಕೇ ಬಂಡಿಗಲ್ಲು ಎನ್ನುವ ಹೆಸರು.

ಗುಡ್ಡದ ನಡುವೆ ಆಗ ಒಂದು ಊರೂ ಇತ್ತು. ಪ್ಲೇಗು ಬಂದಾಗ ಜನ ಮನೆ ಮಠ ಬಿಟ್ಟು ಇಳಿದು ಬಂದು ಕಾಡಂಚಿನಲ್ಲಿ ಹೊಸಹಳ್ಳಿ ಕಟ್ಟಿಕೊಂಡರು. ಹಳೆಯ ಊರು ಕಂದಾಯದವರ ನಕ್ಷೆಯಲ್ಲಿ ಬೇಚಿರಾಕ್ ಗ್ರಾಮ, ಅಂದರೆ ಜನವಿಲ್ಲದ ಊರು, ಎಂದು ಉಳಿಯಿತು. ನೆಲದ ಮೇಲೆ ಅದು ಎಲ್ಲಿದೆ ಎನ್ನುವುದು ನನಗೂ ಗೊತ್ತಿರಲಿಲ್ಲ, ಹೊಸಹಳ್ಳಿಯವರಿಗೂ ಗೊತ್ತಿರಲಿಲ್ಲ. ಲಂಟಾನದ ಮುಳ್ಳುಪೊದೆ ಎಲ್ಲವನ್ನೂ ನುಂಗಿ ನೀರು ಕುಡಿದಿತ್ತು.

ಹೊಸಹಳ್ಳಿಗೂ ನನಗೂ ಎಣ್ಣೆ ಸೀಗೆಕಾಯಿ. ನಾನು ಸೇರಿದ ಕಾಲದಲ್ಲಿ ಇಲಾಖೆಯ ಪದ್ಧತಿ ಒಂದೇ, ಮುಚ್ಚುವುದು. ಆಗಿನ ರೇಂಜರ್ ಸಾಹೇಬರಿಗೆ ಟ್ರೆಂಚಿನ ಹುಚ್ಚು. ಎಲ್ಲಿ ಗಾಡಿದಾರಿ ಕಂಡರೂ ‘ಹೊಡೀರಿ ಟ್ರೆಂಚು’ ಎನ್ನುತ್ತಿದ್ದರು. ಒಮ್ಮೆ ಅವರ ಜೀಪು ಒಳಗಿರುವಾಗಲೇ ಹಿಂದುಗಡೆ ಟ್ರೆಂಚು ತೆಗೆಸಿ, ಸಂಜೆ ಜೀಪು ಹೊರಗೆ ತರಲಾಗದೆ ನಾವೆಲ್ಲ ಮಣ್ಣು ಹೊತ್ತು ಅದನ್ನೇ ಮುಚ್ಚಿದೆವು. ಮಾರನೆಯ ದಿನ ಮತ್ತೆ ಅಗೆದೆವು. ಸಾಹೇಬರು ಅದನ್ನು ಎರಡು ಕೆಲಸ ಎಂದು ವರದಿ ಕಳಿಸಿದರು. ನಾವು ನಗುತ್ತಿದ್ದೆವು, ಆದರೆ ಹೊಸಹಳ್ಳಿಯವರಿಗೆ ನಗು ಬರಲಿಲ್ಲ. ಸೌದೆಗೆ ಹೋದ ಹೆಂಗಸರ ಕುಡುಗೋಲು ಕಿತ್ತುಕೊಳ್ಳುವವನು ನಾನು, ದನ ಹೊರಗಟ್ಟುವವನು ನಾನು. ನಾನು ಊರೊಳಗೆ ಕಾಲಿಟ್ಟರೆ ಜಗುಲಿಯ ಮಾತು ನಿಲ್ಲುತ್ತಿತ್ತು. ನೀರು ಕೇಳಿದರೆ ಕೊಡುತ್ತಿದ್ದರು, ಕುಳಿತುಕೊಳ್ಳಿ ಎನ್ನುತ್ತಿರಲಿಲ್ಲ. ನಾನು ಕೆರಗೋಡಿನ ಕಡೆಯ ಒಕ್ಕಲುಮಗ, ಊರಿನವರ ಮುನಿಸು ಎಂದರೇನು ಎಂದು ನನಗೆ ಚೆನ್ನಾಗಿ ಗೊತ್ತು. ಅದು ನನ್ನನ್ನು ಬಾಧಿಸುತ್ತಿತ್ತು.

ಕಾಲ ಬದಲಾಯಿತು. ಟ್ರೆಂಚಿನ ಸಾಹೇಬರು ಹೋದರು, ಮರಕ್ಕೆ ಕಟ್ಟುವ ಕ್ಯಾಮೆರಾ ಬಂತು, ಗಸ್ತು ತಿರುಗಿದ್ದನ್ನು ತಾನೇ ಬರೆದುಕೊಳ್ಳುವ ಮೊಬೈಲು ಬಂತು. ಆ ಮೊಬೈಲನ್ನು ಮೇಯಲು ಬಿಟ್ಟ ಆಡಿನ ಕೊರಳಿಗೆ ಕಟ್ಟಿ ತಾನು ಹೊಂಗೆ ಮರದಡಿ ಮಲಗಿದ್ದ ಒಬ್ಬ ಗಾರ್ಡನ್ನೂ ನಾನು ನೋಡಿದ್ದೇನೆ. ಆಡು ಸಾಯಂಕಾಲಕ್ಕೆ ಅವನ ಪಾಲಿನ ಬೀಟು ದಾಟಿ ಯಾರದೋ ರಾಗಿ ಹೊಲದಲ್ಲಿ ಗಸ್ತು ತಿರುಗಿತ್ತು. ಹೊಸಬರೇ, ಆಡನ್ನು ನಂಬಬೇಡಿ.

ನಿವೃತ್ತಿಗೆ ಇನ್ನು ಕೆಲವೇ ವರ್ಷ ಇದ್ದಾಗ ಒಂದು ಬೆಳಿಗ್ಗೆ ವಾಚರ್ ಮಾದಯ್ಯ ಏದುಸಿರು ಬಿಡುತ್ತ ಬಂದ. ಅವನು ಆತಗೂರಿನ ಕಡೆಯವನು, ನನ್ನ ಓರಗೆಯವನು, ಕೆಲಸದಲ್ಲಿ ನನ್ನ ಬಲಗೈ.

‘ಸಾ, ಕಾಡೊಳೀಕೆ ಯಾರೋ ನುಗ್ಗವ್ರೆ. ಟೈರಿನ ಗುರ್ತು ಐತೆ. ಬೈಕಿಂದಲ್ಲ, ಸೈಕಲ್ದೂ ಅಲ್ಲ. ಸೈಕಲ್ಗೆ ಅಂಥಾ ದಪ್ಪ ಟೈರ ನಾ ಕಂಡೇ ಇಲ್ಲ.’

ಗಂಧದ ಕಳ್ಳರೇ ಇರಬೇಕು, ಶಬ್ದವಾಗದ ಗಾಡಿ ಕಂಡುಹಿಡಿದಿದ್ದಾರೆ ಎಂದುಕೊಂಡೆವು. ಭಾನುವಾರ ಮುಂಜಾನೆ ಇಬ್ಬರೂ ಇಳಿಜಾರಿನ ಪಕ್ಕ ಲಂಟಾನದೊಳಗೆ ಅಡಗಿ ಕುಳಿತೆವು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಸುಯ್ಯೆಂದು ನಾಲ್ಕು ಜನ ಇಳಿದು ಬಂದರು. ತಲೆಗೆ ಹೆಲ್ಮೆಟ್ಟು, ಮೊಣಕಾಲಿಗೆ ಚಿಪ್ಪು. ನಾನು ಎದ್ದು ನಿಂತು ಗುಡುಗಿದೆ, ‘ನಿಲ್ಲಿ! ಕೈ ಮೇಲೆತ್ತಿ!’

ಮುಂದೆ ಬರುತ್ತಿದ್ದವನು ಪಾಪ, ಮರ್ಯಾದಸ್ಥ. ಇಳಿಜಾರಿನಲ್ಲಿ ಬರುತ್ತಿದ್ದ ಹಾಗೆಯೇ ಎರಡೂ ಕೈ ಮೇಲೆತ್ತಿಬಿಟ್ಟ. ಸೈಕಲ್ಲು ಒಂದು ಕಡೆ ಹೋಯಿತು, ಅವನು ಹಾರಿ ಬಂದು ಮಾದಯ್ಯನ ಮೇಲೆ ಬಿದ್ದ.

ನಾಲ್ವರನ್ನೂ ಹಿಡಿದು ಕಚೇರಿಗೆ ತಂದೆವು. ಹಾರಿ ಬಿದ್ದವನ ಹೆಸರು ಶಿವನಂಜು, ಬಸರಾಳಿನ ಹತ್ತಿರ ಆಲೆಮನೆ ನಡೆಸುತ್ತಾನೆ. ಅವರ ಮುಖಂಡರು ಮಂಡ್ಯದಲ್ಲಿ ಹಲ್ಲಿನ ಆಸ್ಪತ್ರೆ ಇಟ್ಟಿರುವ ಡಾಕ್ಟರ್ ಶೈಲಜಾ. ಉಳಿದಿಬ್ಬರು ಅವರ ಜೊತೆಗಾರರು. ಗುಡ್ಡದ ಕಾಲುದಾರಿಗಳಲ್ಲಿ ಸೈಕಲ್ ತುಳಿಯುವುದೇ ಇವರ ಭಾನುವಾರದ ಸುಖವಂತೆ. ಕಾಡಿಗೆ ಅಪ್ಪಣೆ ಬೇಕು ಎನ್ನುವುದೇ ಗೊತ್ತಿರಲಿಲ್ಲವಂತೆ. ಮಾದಯ್ಯ ಕೆನ್ನೆ ಹಿಡಿದುಕೊಂಡು ‘ಅಯ್ಯಯ್ಯಪ್ಪೋ’ ಎಂದು ನರಳುತ್ತಿದ್ದ. ಡಾಕ್ಟರಮ್ಮ ಸುಮ್ಮನೆ ನೋಡುತ್ತ ಕುಳಿತಿದ್ದವರು, ತಡೆಯಲಾರದೆ ಎದ್ದರು. ‘ಅದು ಬಿದ್ದ ಏಟಲ್ಲ, ದವಡೆ ಹಲ್ಲು ಹುಳುಕಾಗಿದೆ. ಎಲ್ಲಿ, ಬಾಯಿ ಬಿಡಿ’ ಎಂದರು.

ನಮ್ಮ ರೇಂಜರ್ ಮೇಡಂ ಒಳಗೆ ಬಂದಾಗ ಕಂಡ ದೃಶ್ಯ ಇದು: ಸಿಕ್ಕಿಬಿದ್ದ ಕಳ್ಳಿ ವಾಚರನ ಬಾಯೊಳಗೆ ಬ್ಯಾಟರಿ ಬಿಟ್ಟು ನೋಡುತ್ತಿದ್ದಾರೆ, ಫಾರೆಸ್ಟರು ಆ ಬ್ಯಾಟರಿ ಹಿಡಿದುಕೊಂಡಿದ್ದಾನೆ.

ಮೇಡಂ ನನ್ನ ಮಗಳಿಗಿಂತ ಚಿಕ್ಕವರು. ನಾನು ಕಂಡ ಮೇಲಧಿಕಾರಿಗಳಲ್ಲಿ ಬೈಯುವ ಮೊದಲು ಕೇಳಿಸಿಕೊಳ್ಳುತ್ತಿದ್ದವರು ಅವರೊಬ್ಬರೇ. ದಂಡ ಹಾಕಿದರು, ರಸೀತಿ ಕೊಟ್ಟರು, ಆಮೇಲೆ ‘ಎಲ್ಲೆಲ್ಲಿ ಹೋಗಿದ್ರಿ ತೋರಿಸಿ’ ಎಂದರು. ಡಾಕ್ಟರಮ್ಮ ಮೊಬೈಲು ತೆರೆದರು. ಅದರಲ್ಲಿ ಗುಡ್ಡದ ಮೇಲೆ ಗೆರೆ ಗೆರೆಯಾಗಿ ದಾರಿಗಳು. ಮೇಡಂ ಬಹಳ ಹೊತ್ತು ನೋಡಿ ನನ್ನ ಕಡೆ ತಿರುಗಿದರು. ‘ಗೌಡ್ರೇ, ಹೋದ ಬೇಸಿಗೆಯಲ್ಲಿ ಬೆಂಕಿ ಬಿದ್ದಾಗ ನಾವು ಈ ಕಡೆಯಿಂದ ಹತ್ತೋದಕ್ಕೆ ದಾರಿ ಇಲ್ಲ ಅಂತ ಸುತ್ತಿಕೊಂಡು ಹೋದ್ವಲ್ಲ. ಇವರು ಇಲ್ಲೇ ಹತ್ತಿದಾರಲ್ರೀ’ ಎಂದರು. ನಾನು ಬ್ಯಾಟರಿ ಆರಿಸಿದೆ.

ಅಲ್ಲಿಂದ ಶುರುವಾಯಿತು. ಮುಚ್ಚಿಹೋದ ದಾರಿಗಳನ್ನು ಬಿಡಿಸಿ, ನಡೆಯುವವರಿಗೂ ಸೈಕಲ್ಲಿನವರಿಗೂ ಹಗಲಲ್ಲಿ ಬಿಡುವುದು, ಲಂಟಾನ ಕೀಳುವ ಕೆಲಸಕ್ಕೆ ಸೈಕಲ್ಲಿನವರೂ ಬರುವುದು, ಬೆಂಕಿಯ ಕಾಲದಲ್ಲಿ ಅವೇ ದಾರಿ ನಮಗೆ ಆಗುವುದು, ಇದು ಮೇಡಂ ಯೋಜನೆ. ಮೇಲಿನ ಸಾಹೇಬರು ಒಂದು ವರ್ಷ ಪ್ರಯೋಗಕ್ಕೆ ಒಪ್ಪಿ ಒಂದು ಕರಾರು ಹಾಕಿದರು. ವರ್ಷದ ಕೊನೆಗೆ ಹೊಸಹಳ್ಳಿಯ ಗ್ರಾಮ ಅರಣ್ಯ ಸಮಿತಿ ಒಪ್ಪಿಗೆ ಕೊಡಬೇಕು. ಊರಿನವರು ಬೇಡವೆಂದರೆ ದಾರಿ ಮುಚ್ಚಬೇಕು. ಹೊಸಹಳ್ಳಿಯವರು ನನ್ನ ಕೆಲಸಕ್ಕೆ ಒಪ್ಪಿಗೆ ಕೊಡುವುದೂ ಒಂದೇ, ಕೋಣ ಕರು ಹಾಕುವುದೂ ಒಂದೇ. ಆದರೂ ಮನಸ್ಸಿನೊಳಗೆ ಆಸೆ ಹುಟ್ಟಿತು. ಸರ್ವೀಸೆಲ್ಲ ದಾರಿ ಮುಚ್ಚಿದವನು ಹೋಗುವ ಮೊದಲು ಒಂದು ದಾರಿ ತೆರೆದು ಹೋಗಬೇಕು ಎಂದು.

ದಾರಿ ಮಾಡುವುದು ಎಂದರೆ ಮಚ್ಚು ಬೀಸುವುದಲ್ಲ ಎಂದು ಆಗ ಕಲಿತೆ. ನೀರು ದಾರಿಯ ಮೇಲೆ ಓಡಬಾರದು, ದಾರಿಯನ್ನು ಅಡ್ಡ ದಾಟಿ ಹೋಗಬೇಕು. ಅದಕ್ಕೆ ದಾರಿಯನ್ನು ಕೆಳಗಿನ ಮಗ್ಗುಲಿಗೆ ಒಂಚೂರು ವಾಲಿಸಬೇಕು. ಡಾಕ್ಟರಮ್ಮ ಇದನ್ನು ಹೇಳಿದರೆ ಮಾದಯ್ಯ ‘ಎತ್ತು ಓಗಿದ್ದೇ ದಾರಿ ಕಣವ್ವ’ ಎಂದು ವಾದಕ್ಕೆ ನಿಲ್ಲುತ್ತಿದ್ದ. ಇಬ್ಬರೂ ತಮ್ಮ ತಮ್ಮ ಮಾತಿನಂತೆಯೇ ಒಂದೊಂದು ತುಂಡು ಮಾಡಿದರು, ಕೊನೆಗೆ ಮೊದಲ ಮಳೆಯಲ್ಲಿ ಇಬ್ಬರ ದಾರಿಯೂ ಅರ್ಧರ್ಧ ಕೊಚ್ಚಿಕೊಂಡು ಹೋಯಿತು. ಆಮೇಲೆ ಒಟ್ಟಿಗೆ ಕುಳಿತು ಮುದ್ದೆ ಉಂಡರು. ಡಾಕ್ಟರಮ್ಮ ‘ಊಟ ಚೆನ್ನಾಗಿ ಅಗಿದು ತಿನ್ನಿ ಮಾದಯ್ಯ’ ಎಂದಾಗ ಅವನಿಗೆ ನಿಜವಾಗಿಯೂ ಸಿಟ್ಟು ಬಂತು. ‘ಅಗುದ್ರೆ ಅದುನ್ನ ಮುದ್ದೆ ಅಂತಾರಾ?’

ಸೈಕಲ್ ತುಳಿಯಲೂ ಕಲಿತೆ. ನಾನು ಗಾರ್ಡಾಗಿದ್ದಾಗ ಕರೀ ಸೈಕಲ್ಲಿನಲ್ಲೇ ಬೀಟು ತಿರುಗಿದವನು, ನನಗೇನು ಹೇಳಿಕೊಡುತ್ತೀರಿ ಎಂದು ಶಿವನಂಜುವಿನ ಸೈಕಲ್ ಹತ್ತಿದೆ. ಆ ಸೈಕಲ್ಲಿಗೆ ಮಡ್‌ಗಾರ್ಡಿಲ್ಲ, ಸ್ಟ್ಯಾಂಡಿಲ್ಲ, ಕ್ಯಾರಿಯರ್ ಇಲ್ಲ. ಇಳಿಜಾರಿನಲ್ಲಿ ಹಳೆಯ ಅಭ್ಯಾಸದಂತೆ ಮುಂದಿನ ಬ್ರೇಕನ್ನು ಬಲವಾಗಿ ಅಮುಕಿದೆ. ಕರೀ ಸೈಕಲ್ಲಿನ ಬ್ರೇಕು ಯೋಚನೆ ಮಾಡಿ ಹಿಡಿಯುತ್ತಿತ್ತು. ಇದು ಯೋಚನೆ ಮಾಡಲಿಲ್ಲ. ಸೈಕಲ್ಲು ಅಲ್ಲೇ ನಿಂತಿತು, ನಾನು ಮುಂದಕ್ಕೆ ಹೋಗಿ ಕಾರೆ ಪೊದೆಯಲ್ಲಿ ಕುಳಿತೆ. ಇಳಿಯುವಾಗ ಮೈಭಾರ ಹಿಂದಕ್ಕೆ ಹಾಕಬೇಕು, ಎರಡು ಬ್ರೇಕನ್ನೂ ಮೆಲ್ಲಗೆ ಮುಟ್ಟಬೇಕು, ಕಣ್ಣು ಚಕ್ರದ ಮೇಲಲ್ಲ, ಹೋಗಬೇಕಾದ ಕಡೆ ಇರಬೇಕು. ಇಷ್ಟನ್ನೂ ನನಗೆ ಶಿವನಂಜು ಮುಳ್ಳು ಕೀಳುತ್ತ ಹೇಳಿಕೊಟ್ಟ.

ಮೂರು ದಾರಿಗಳಾದವು. ಗಾಡಿಜಾಡಿನ ಮೇಲೆ ಹೋಗುವ ಬಂಡಿ ದಾರಿ, ಗುಡ್ಡದ ನೆತ್ತಿ ಬಳಸುವ ನವಿಲು ದಾರಿ, ಬಂಡೆಗಳ ನಡುವೆ ನುಸುಳುವ ಕರಡಿಗುಂಡು ದಾರಿ. ಮೂರೂ ಒಂದು ಕಡೆ ಕೂಡುತ್ತವೆ. ಅಲ್ಲಿ ಜನ ದಾರಿ ತಪ್ಪುತ್ತಿದ್ದರು. ತಗಡಿನ ಬೋರ್ಡು ಹಾಕಿದೆವು, ಅದು ಯಾರದೋ ಕೋಳಿಗೂಡಿನ ಬಾಗಿಲಾಯಿತು. ಪ್ಲಾಸ್ಟಿಕ್ಕಿನ ಬಾಣದ ಗುರುತು ಕಟ್ಟಿದೆವು, ಕೋತಿಗಳು ಕಿತ್ತವು. ಕೊನೆಗೆ ನಾನು ಮಾದಯ್ಯನಿಗೆ ಹೇಳಿದೆ, ಮೊಣಕಾಲೆತ್ತರದ ಒಂದು ಕಲ್ಲು ನೆಟ್ಟು ದೂರಕ್ಕೆ ಕಾಣುವಂತೆ ಬಣ್ಣ ಹಚ್ಚು ಎಂದು. ಕಚೇರಿಯಲ್ಲಿ ಸುಣ್ಣ ಉಳಿದಿತ್ತು, ಕೆಮ್ಮಣ್ಣು ಉಳಿದಿತ್ತು. ಮಾದಯ್ಯ ಕಲಾವಿದ. ಒಂದು ಪಟ್ಟೆ ಸುಣ್ಣ, ಒಂದು ಪಟ್ಟೆ ಕೆಮ್ಮಣ್ಣು, ಹೀಗೆ ಬುಡದಿಂದ ತುದಿಯ ತನಕ ಬಳಿದು, ನೋಡಿ ಖುಷಿಪಟ್ಟು ಬಂದ.

ನಮ್ಮ ಸೀಮೆಯಲ್ಲಿ ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಲ್ಲಿರುತ್ತದೆ? ದೇವಸ್ಥಾನದ ಗೋಡೆಗೆ. ಹುಟ್ಟಿದಾಗಿನಿಂದ ಅದನ್ನು ನೋಡಿಕೊಂಡೇ ಬೆಳೆದ ನಮ್ಮಿಬ್ಬರಿಗೂ ಆ ಹೊತ್ತಿಗೆ ಅದು ಹೊಳೆಯಲಿಲ್ಲ.

ಮುಂದಿನ ವಾರ ಕಲ್ಲಿನ ಮೇಲೆ ಅರಿಶಿನ ಕುಂಕುಮ ಇತ್ತು. ಅದರ ಮುಂದಿನ ವಾರ ಕಣಗಿಲೆ ಹೂವು, ಒಡೆದ ತೆಂಗಿನಕಾಯಿ. ತಿಂಗಳು ಕಳೆಯುವುದರೊಳಗೆ ಬೆಳ್ಳಿಯ ಕಣ್ಣು ಬಂದವು, ಮರಕ್ಕೊಂದು ಗಂಟೆ ಬಂತು, ಯಾರೋ ಕೋಳಿಯನ್ನೂ ಕುಯ್ದಿದ್ದರು. ‘ಸಾ, ಆಯಮ್ಮನ ಎಸ್ರು ಮೂರ್ದಾರಿ ಮಾರಮ್ಮ ಅಂತೆ’ ಎಂದು ಮಾದಯ್ಯ ಪಿಸುಗುಟ್ಟಿದ. ತಾನೇ ಬಳಿದ ಕಲ್ಲಿಗೆ ಅವನೂ ಚಪ್ಪಲಿ ಬಿಟ್ಟು ಕೈಮುಗಿಯುತ್ತಿದ್ದ. ‘ನೀನ್ಯಾಕಯ್ಯ?’ ಎಂದರೆ ‘ಇರ್ಲಿ ಬುಡಿ ಸಾ, ಯಾವ ಉತ್ತದಲ್ಲಿ ಯಾವ ಆವೋ’ ಎಂದ.

ನಗುತ್ತಿದ್ದ ನನಗೆ ಒಂದು ಭಾನುವಾರ ನಗು ನಿಂತಿತು. ಕೂಡುದಾರಿಯಲ್ಲಿ ಹೊಸಹಳ್ಳಿಯ ಹೆಂಗಸರು ಅಡ್ಡ ಕುಳಿತಿದ್ದರು. ಮಧ್ಯದಲ್ಲಿ ಹೊನ್ನಜ್ಜಿ. ಊರಿಗೆಲ್ಲ ಹಿರಿಯಳು, ಸಮಿತಿಯಲ್ಲಿ ಅವಳ ಹೆಸರಿಲ್ಲ, ಆದರೆ ಅವಳು ಬೇಡವೆಂದದ್ದಕ್ಕೆ ಸಮಿತಿಯ ಒಂದು ಕೈಯೂ ಮೇಲೇಳುವುದಿಲ್ಲ. ದಾರಿ ಶುರುವಾಗುವವರೆಗೆ ಆಟೋದಲ್ಲಿ ಬಂದು, ಅಲ್ಲಿಂದ ಇಬ್ಬರ ಹೆಗಲು ಹಿಡಿದು ಬಂದು ಕುಳಿತಿದ್ದಳು.

‘ಸಾಮಿ, ಅವ್ವನ ಮುಂದೆ ಗಾಡಿ ಓಡ್ಸಂಗಿಲ್ಲ. ಕೆರ ಆಕಂಗಿಲ್ಲ. ಇಳ್ದು, ಬರಿಗಾಲಲ್ಲಿ ತಳ್ಕಂಡು ಓಗ್ಲಿ. ಇಲ್ದಿದ್ರೆ ದಾರಿನೇ ಬ್ಯಾಡ.’

ಸೈಕಲ್ಲಿನವರು ಒಂದೆರಡು ವಾರ ಹಾಗೆಯೇ ಮಾಡಿದರು. ಇಳಿಜಾರಿನಿಂದ ಬರುತ್ತ ನಿಂತು, ಬೂಟು ಬಿಚ್ಚಿ, ನೆಗ್ಗಿಲ ಮುಳ್ಳಿನ ಮೇಲೆ ಕುಣಿಯುತ್ತ ದಾಟಿ, ಮತ್ತೆ ಬೂಟು ಹಾಕಿಕೊಳ್ಳುವುದು. ಬರುವವರು ಕಡಿಮೆಯಾದರು. ಸಮಿತಿಯ ಸಭೆ ಹತ್ತಿರ ಬರುತ್ತಿತ್ತು. ಮೇಡಂ ನನ್ನನ್ನು ಬೈಯಲಿಲ್ಲ. ‘ಹೋಗಿ ನಿಜ ಹೇಳಿ ಗೌಡ್ರೇ’ ಎಂದರು. ಬೈದಿದ್ದರೆ ಸುಲಭವಾಗುತ್ತಿತ್ತು.

ಹೊನ್ನಜ್ಜಿಯ ಮನೆಗೆ ಹೋದೆ. ಕೊಟ್ಟಿಗೆಯ ಮುಂದೆ ಅವರೆಕಾಯಿ ಸುಲಿಯುತ್ತ ಕುಳಿತಿದ್ದಳು. ನಾನು ನಿಂತೇ ಹೇಳಿದೆ. ‘ಅಜ್ಜಿ, ಆ ಕಲ್ಲು ನಾವು ನೆಟ್ಟಿದ್ದು. ದಾರಿ ಗುರುತಿಗೆ. ಆ ಪಟ್ಟೆ ನಮ್ಮ ಮಾದಯ್ಯ ಬಳಿದದ್ದು.’

ಅಜ್ಜಿ ತಲೆಯೆತ್ತಲಿಲ್ಲ. ‘ಗೊತ್ತು ಕಣಪ್ಪ. ಬಳೀವಾಗ್ಲೇ ನಮ್ಮ ಸೌದೆ ಎಂಗುಸ್ರು ನೋಡವ್ರೆ. ದ್ಯಾವ್ರ ಕಲ್ಗೆ ಸುಣ್ಣ ಬಳ್ಯೋರು ಮನುಸ್ರಲ್ದೆ ಇನ್ಯಾರು?’

ಗೊತ್ತಿದ್ದೂ ಯಾಕೆ ಹೀಗೆ ಎಂದು ಕೇಳಿದೆ. ಆಗ ಅವಳು ಅವರೆಕಾಯಿ ಬದಿಗಿಟ್ಟಳು.

‘ನಿಮ್ಮೂರಲ್ಲಿ ಕರುಗಲ್ಲು ಐತಾ?’

ಇದೆ ಎಂದೆ. ಹಳೆಯ ಊರುಗಳಿಗೆಲ್ಲ ಇರುತ್ತದೆ. ಊರು ಕಟ್ಟುವ ದಿನ ಊರ ಮುಂದೆ ನೆಡುವ ಕಲ್ಲು ಅದು. ದನಕ್ಕೆ ಕಾಯಿಲೆ ಬಂದರೆ ಹೆಂಗಸರು ಆ ಕಲ್ಲಿಗೆ ಕೊಡಗಟ್ಟಲೆ ನೀರು ಹುಯ್ದು, ಹರಿದ ನೀರಿನ ಮೇಲೆ ಊರ ದನವನ್ನೆಲ್ಲ ಹೊಡೆದುಕೊಂಡು ಹೋಗುತ್ತಾರೆ.

‘ನಮ್ಗಿಲ್ಲ. ಪಿಲೇಗಲ್ಲಿ ಓಡ್ ಬಂದೋರು ಎಂಡ್ರು ಮಕ್ಳ ಎತ್ಕಂಡು ಬಂದ್ರು, ಕಲ್ಲ ಎತ್ಕಂಡು ಬರಕಾಯ್ತದಾ? ಅದು ಒಳ್ಗೇ ಉಳ್ಕಂತು. ಅದಿರುವಾಗ ಇನ್ನೊಂದ ನೆಡಂಗಿಲ್ಲ ಅಂತ ನಮ್ಮತ್ತೆ ಏಳೋರು. ನಾ ಮದ್ವೆಯಾಗಿ ಬಂದಾಗಿಂದ ಕೇಳ್ತಾವ್ನಿ, ಸುತ್ತಲ ಊರೋರು ನಮ್ಮುನ್ನ ಕರುಗಲ್ಲಿಲ್ದೋರು ಅಂತ ಆಡ್ಕತಾರೆ. ನೋಡಾನ ಅಂದ್ರೆ ನೀವು ಒಳೀಕೆ ಬುಡ್ಲಿಲ್ಲ. ಈಗ ನೀವೇ ಒಂದು ಕಲ್ಲ ನೆಟ್ರಿ. ಇದಾದ್ರೂ ಇರ್ಲಿ ಅಂದ್ವಿ.’

ನಾಚಿಕೆಯಾಯಿತು, ಅದರ ಹಿಂದೆಯೇ ಒಂದು ಹುರುಪೂ ಬಂತು. ‘ಅಜ್ಜಿ, ಆ ಕರುಗಲ್ಲನ್ನೇ ಹುಡುಕಿ ಕೊಟ್ಟರೆ?’ ಎಂದೆ. ಅಜ್ಜಿ ಮೊದಲ ಬಾರಿ ನನ್ನ ಮುಖ ನೋಡಿದಳು. ‘ಕೊಡಿ ನೋಡಾನ’ ಎಂದಳು. ಸಭೆಗೆ ಮುಂಚೆ ಕರುಗಲ್ಲು ಸಿಕ್ಕಿದರೆ ಊರಿನವರು ಕೂಡುದಾರಿಯ ಕಲ್ಲಿನ ಹಟ ಬಿಡಬಹುದು, ದಾರಿ ಉಳಿಯಬಹುದು, ಇಲ್ಲದಿದ್ದರೆ ಇಲ್ಲ.

ಹುಡುಕಿದೆವು. ಸೈಕಲ್ಲಿನವರು, ನಾವು, ಮೇಡಂ ಕೂಡ. ಹಳೆಯ ನಕ್ಷೆ ಹಿಡಿದು ಹೋದರೆ ನಕ್ಷೆಯ ಹಳ್ಳ ಒಂದು ಕಡೆ, ನೆಲದ ಹಳ್ಳ ಇನ್ನೊಂದು ಕಡೆ. ಒಂದು ಬೀಸುವ ಕಲ್ಲಿನ ತುಂಡು ಸಿಕ್ಕಿತು, ಮನೆಯ ತಳಪಾಯ ಎರಡು ಸಿಕ್ಕಿದವು. ಅಲ್ಲಿಗೆ ಊರು ಇದೇ ಎಂದಾಯಿತು. ಆದರೆ ಕರುಗಲ್ಲು ಊರ ಮುಂದೆ ಇರಬೇಕು. ಮನೆಗಳೇ ಇಲ್ಲದ ಮೇಲೆ ಊರಿಗೆ ಮುಂದು ಯಾವುದು, ಹಿಂದು ಯಾವುದು? ಸಿಕ್ಕಿದ ಉದ್ದನೆಯ ಕಲ್ಲಿಗೆಲ್ಲ ಮಾದಯ್ಯ ಕೈಮುಗಿದು ಮುಗಿದು ಸುಸ್ತಾದ.

ಸಂಜೆ ಸುಸ್ತಾಗಿ ಬಂಡೆಯ ಮೇಲೆ ಕುಳಿತಿದ್ದಾಗ ಡಾಕ್ಟರಮ್ಮ ಬೇರೆ ಏನೋ ಗೊಣಗಿದರು. ‘ಬಂಡಿ ದಾರಿಯಲ್ಲಿ ಅದೊಂದು ಜಾಗ ನನಗೆ ಆಗೋದೇ ಇಲ್ಲ. ಸಪಾಟು ಬಂಡೆ, ನೆಟ್ಟಗೆ ಹೋಗಬಹುದು, ಆದ್ರೆ ಗಾಲಿಜಾಡು ಸುಮ್ಮಸುಮ್ಮನೆ ಬಲಕ್ಕೆ ಬಾಗಿ ಮತ್ತೆ ಎಡಕ್ಕೆ ಬರುತ್ತೆ. ಪ್ರತಿ ಸಲ ನನ್ನ ಚಕ್ರ ಜಾಡಿಗೆ ಸಿಕ್ಕೊಳ್ಳುತ್ತೆ.’

‘ಗಾಡಿಯೋರು ಸುಮ್ಸುಮ್ನೆ ಬಳಸಿ ಓಗಕಿಲ್ಲ ಕಣಕ್ಕ. ಎತ್ತಿಗೆ ನೋವಾಯ್ತದೆ’ ಎಂದ ಶಿವನಂಜು. ಅವನ ಆಲೆಮನೆಗೆ ಕಬ್ಬು ಬರುವುದು ಈಗಲೂ ಗಾಡಿಯಲ್ಲೇ.

ಗಾಡಿ ಬಳಸಿಕೊಂಡು ಹೋಗಿದೆ ಎಂದರೆ ಬಳಸಿದ ಜಾಗದಲ್ಲಿ ಏನೋ ಇತ್ತು. ತಲೆತಲಾಂತರ ಗಾಡಿ ಹೊಡೆದವರು ಯಾರೂ ಅದನ್ನು ತುಳಿಯಲು ಒಪ್ಪದಂಥದು. ಎಲ್ಲರೂ ಒಟ್ಟಿಗೆ ಎದ್ದು ಓಡಿದೆವು. ಆ ಬಾಗಿನ ಎಡಗಡೆ, ಬಂಡೆಯ ಮಗ್ಗುಲ ಮಣ್ಣಿನಲ್ಲಿ, ಆಳೆತ್ತರದ ಲಂಟಾನದ ಪೊದೆ. ಮಚ್ಚಿನಲ್ಲಿ ಕಡಿದೆವು, ಕೈಯಲ್ಲಿ ಎಳೆದೆವು. ಒಳಗೆ ಗುಂಡು ತಲೆಯ ಕಲ್ಲೊಂದು ಮಣ್ಣಿನಲ್ಲಿ ಅರ್ಧ ಹೂತು ನಿಂತಿತ್ತು. ನೆತ್ತಿ ನೀರು ಹುಯ್ಸಿಕೊಂಡು ಹುಯ್ಸಿಕೊಂಡು ನುಣುಪಾಗಿತ್ತು. ಮಾದಯ್ಯ ಈ ಸಲ ಕೈಮುಗಿಯಲಿಲ್ಲ. ಮುಟ್ಟಿ ನೋಡಿ ಅತ್ತ. ಯಾಕೆಂದು ಕೇಳಿದರೆ ಅವನಿಗೂ ಗೊತ್ತಿಲ್ಲ.

ಹೊನ್ನಜ್ಜಿಯನ್ನು ಅಲ್ಲಿಗೆ ಕರೆದುಕೊಂಡು ಹೋಗುವುದು ಮುಂದಿನ ಪಂಚಾಯ್ತಿ. ಕೂಡುದಾರಿ ಕಾಡಂಚಿಗೆ ಹತ್ತಿರ, ಇದು ಗುಡ್ಡದ ನಡುವೆ. ಜೀಪು ಹೋಗದು. ಡಾಕ್ಟರಮ್ಮ ಸ್ಟ್ರೆಚರ್ ತರುತ್ತೇನೆಂದರು. ‘ಮಲಿಕ್ಕಂಡು ನಾಕ್ ಜನದ ಎಗ್ಲ ಮ್ಯಾಲೆ ಓಗೋದು ಒಂದೇ ಸಲ, ಅದಿನ್ನೂ ಬಂದಿಲ್ಲ’ ಎಂದು ಅಜ್ಜಿ ತಳ್ಳಿಹಾಕಿದಳು. ಸೈಕಲ್ಲಿನವರ ಸೈಕಲ್ಲುಗಳನ್ನು ಒಂದೊಂದಾಗಿ ನೋಡಿ, ‘ಇಷ್ಟು ದುಡ್ಡು ಕೊಟ್ಟು ಕ್ಯಾರಿಯರ್ ಇಲ್ದಿರೋ ಸೈಕಲ್ ತಕಂಡೀರಲ್ಲ, ನಿಮ್ಗೆ ಬುದ್ದಿ ಇಲ್ವಾ?’ ಎಂದಳು. ಕೊನೆಗೆ ಮಾದಯ್ಯನ ಹಳೆಯ ಸೈಕಲ್ಲಿನ ಕ್ಯಾರಿಯರಿಗೆ ಗೋಣಿಚೀಲ ಮಡಿಸಿ ಕಟ್ಟಿ, ಅಜ್ಜಿಯನ್ನು ಕೂರಿಸಿ, ನಾನು ಹ್ಯಾಂಡಲ್ ಹಿಡಿದು, ಮಾದಯ್ಯ ಶಿವನಂಜು ಎರಡು ಮಗ್ಗುಲಲ್ಲಿ ಹಿಡಿದು ತಳ್ಳಿಕೊಂಡು ಹೊರಟೆವು. ಹಿಂದೆ ಕೊಡ ಹೊತ್ತ ಹೆಂಗಸರು, ಅವರ ಹಿಂದೆ ಹೆಲ್ಮೆಟ್ಟಿನವರು. ನೀರು ಸಾಲದಿದ್ದರೆ ಎಂದು ಡಾಕ್ಟರಮ್ಮ ಬೆನ್ನಿನ ನೀರಿನ ಚೀಲ ತೋರಿಸಿದರು. ಅದರ ಕೊಳವೆಯನ್ನು ಬಾಯಿಗಿಟ್ಟು ಹೀರುವುದನ್ನು ಅಜ್ಜಿ ನೋಡಿದ್ದಳು. ‘ಎಂಜ್ಲ ನೀರ ಕಲ್ಗೆ ಉಯ್ತೀಯೇನವ್ವ? ನೀನೇ ಕುಡ್ಕೊ.’

ಕಲ್ಲಿನ ಮುಂದೆ ಇಳಿಸಿದಾಗ ಅಜ್ಜಿ ಕೂತು, ಸೆರಗಿನಿಂದ ಕಲ್ಲಿನ ನೆತ್ತಿ ಒರೆಸಿದಳು. ಹೆಂಗಸರು ಕೊಡ ಕೊಡ ನೀರು ಹುಯ್ದರು. ನೀರು ಕಲ್ಲಿನಿಂದ ಇಳಿದು ಗಾಲಿಜಾಡಿಗೆ ತುಂಬಿಕೊಂಡು ಎರಡು ಗೆರೆಯಾಗಿ ಹರಿಯಿತು. ಅರಿಶಿನ ಹಚ್ಚಿದರು, ಬೇವಿನ ಸೊಪ್ಪು ಇಟ್ಟರು. ಆಮೇಲೆ ಎಲ್ಲರೂ ಸುಮ್ಮನೆ ನಿಂತರು. ನಿಲ್ಲಬೇಕಾಯಿತು, ಏಕೆಂದರೆ ಶಾಸ್ತ್ರ ಅರ್ಧಕ್ಕೆ ನಿಂತಿತ್ತು. ನೀರಿನ ಮೇಲೆ ಊರ ದನ ಹಾಯಬೇಕು. ಹೊಸಹಳ್ಳಿಯಲ್ಲಿ ಈಗ ಇರುವುದೆಲ್ಲ ಕೊಟ್ಟಿಗೆಯಲ್ಲಿ ಫ್ಯಾನಿನ ಕೆಳಗೆ ನಿಂತು ಡೇರಿಗೆ ಹಾಲು ಕೊಡುವ ಸೀಮೆಹಸುಗಳು. ಅವು ಗುಡ್ಡ ಹತ್ತುವುದೆಂದರೆ ಆಗದ ಮಾತು. ಇನ್ನು ಉಳಿದದ್ದು ಅಜ್ಜಿಯ ಬಾಯಿಂದ ಬರುವ ಮಾತು. ಕಲ್ಲು ಸಿಕ್ಕಿದೆ, ಆದರೆ ಕರುಗಲ್ಲಿನ ಮುಂದೆ ಸೈಕಲ್ಲು ಬಿಡುತ್ತಾಳೋ ಇಲ್ಲವೋ, ಅದನ್ನು ಅವಳು ಈವರೆಗೂ ಹೇಳಿರಲಿಲ್ಲ. ಇದು ಮೂರ್ದಾರಿ ಮಾರಮ್ಮನಿಗಿಂತ ದೊಡ್ಡ ಅವ್ವ.

ಅಜ್ಜಿ ಬೇವಿನ ಸೊಪ್ಪನ್ನು ಅರಿಶಿನದ ನೀರಿಗೆ ಅದ್ದಿ ಎದ್ದು ನಿಂತಳು.

‘ಏನ್ ನೋಡ್ತಾ ನಿಂತಿದ್ದೀರಿ? ಇದರ ಮುಂದೆ ನಿಲ್ಲಂಗಿಲ್ಲ, ಆಯ್ದು ಓಗ್ಬೇಕು. ದನ ಇಲ್ದಿದ್ರೆ ಏನಾಯ್ತು, ಇವು ಅವೆಯಲ್ಲ. ಓಡುಸ್ರಿ ಸೈಕಲ್ಲ!’

ಮೊದಲು ಡಾಕ್ಟರಮ್ಮ ಹೋದರು. ಚಕ್ರ ನೀರಿನಲ್ಲಿ ಚರ್ರೆಂದು ಹಾಯಿತು, ಅಜ್ಜಿ ಹೆಲ್ಮೆಟ್ಟಿನ ಮೇಲೆ ಬೇವಿನ ಸೊಪ್ಪಿನಿಂದ ಪಟ್ಟೆಂದು ಬಾರಿಸಿ ನೀರು ಚಿಮುಕಿಸಿದಳು. ಆಮೇಲೆ ಶಿವನಂಜು, ಉಳಿದವರು. ಹೆಂಗಸರು ದನ ಹೊಡೆಯುವಂತೆ ‘ಹೋಯ್, ಹೋಯ್’ ಎಂದು ಕೂಗುತ್ತ ಅಟ್ಟಿದರು. ಬೂಟು ಬಿಚ್ಚಿ ಎಂದು ಯಾರೂ ಹೇಳಲಿಲ್ಲ. ಮೇಡಂ ಯಾರದೋ ಸೈಕಲ್ ಇಸಿದುಕೊಂಡು ಯೂನಿಫಾರ್ಮಿನಲ್ಲೇ ಹಾಯ್ದು ಅರಿಶಿನದ ಬಣ್ಣಕ್ಕೆ ತಿರುಗಿದರು. ದಾರಿ ಉಳಿಯಿತು ಎಂದು ನನಗೆ ಆಗಲೇ ಗೊತ್ತಾಯಿತು. ಸಂತೋಷಕ್ಕೆ ಕಣ್ಣು ಮಂಜಾಗಿ, ಯಾರಿಗೂ ಕಾಣಬಾರದೆಂದು ಮಾದಯ್ಯನ ಸೈಕಲ್ ಹಿಡಿದುಕೊಂಡು ಬೇವಿನ ಮರದ ಮರೆಗೆ ಸರಿದು ನಿಂತೆ.

ಅಜ್ಜಿಯ ಕಣ್ಣು ಅಲ್ಲಿಗೂ ಬಂತು.

‘ಯಾಕ್ಲಾ ಅಲ್ ನಿಂತಿದ್ದೀ? ಇಷ್ಟು ವರ್ಸ ನಮ್ಮ ಕಾಡ ಮೇದಿದ್ದೀಯ, ನೀನೂ ನಮ್ಮೂರ ದನವೇ ಕಣ್ಲಾ. ಬಾ, ನೀನೂ ಆಯ್ದು ಓಗು!’

ಸೈಕಲ್ ಹತ್ತಿದೆ. ಇಳಿಜಾರಲ್ಲ, ಸಪಾಟು ಬಂಡೆ, ಆದರೂ ಎರಡು ಬ್ರೇಕನ್ನೂ ಮೆಲ್ಲಗೆ ಮುಟ್ಟಿಕೊಂಡೇ ಹೊರಟೆ. ಹಾಯುವಾಗ ಅಜ್ಜಿ ನನ್ನ ಬೋಳುತಲೆಗೆ ಬಾರಿಸಿದ ಬೇವಿನ ಸೊಪ್ಪಿನ ಏಟು ಸಣ್ಣದೇನೂ ಆಗಿರಲಿಲ್ಲ. ಕುಡುಗೋಲುಗಳ ಲೆಕ್ಕವೆಲ್ಲ ಅದರಲ್ಲಿತ್ತು. ಹಿಂದಿನಿಂದ ಹೆಂಗಸರು ‘ಹೋಯ್’ ಎಂದು ಅಟ್ಟಿದರು. ನಾನು ನಗುತ್ತ, ಮುಖದ ನೀರು ಒರೆಸಿಕೊಳ್ಳದೆ, ಹೊಸಹಳ್ಳಿಯ ದನಗಳು ಹೋದ ಕಡೆಗೆ ಸೈಕಲ್ ತುಳಿದೆ.